ಫಲಕಕ್ಕೆ ಬೇಕಾದದ್ದು ಬೆಳಕು, ಬಿಸಿಯಲ್ಲ

ಸೌರವಿದ್ಯುತ್ತಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಸಂಪಾದಕರು ಒಂದು ಸಾಲು ಹಾಕಿದ್ದೇ ತಡ, ಪತ್ರಗಳ ಕಟ್ಟು ನನ್ನ ಮನೆಗೆ ಬಂದು ಬಿತ್ತು. ಅವುಗಳಲ್ಲಿ ಅನೇಕವು ಪ್ರಶ್ನೆಗಳೇ ಅಲ್ಲ, ಫಲಕ ಮಾರಿದವರ ಮೇಲಿನ ಸಿಟ್ಟು. ಸಿಟ್ಟಿಗೆ ನನ್ನಲ್ಲಿ ಔಷಧವಿಲ್ಲ. ಶಿರಸಿಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೂ ಕರೆದವರ ಮನೆಯ ತಾರಸಿ ಹತ್ತಿ ಮಲ್ಟಿಮೀಟರ್ ಹಿಡಿಯುವ ಚಟ ಬಿಟ್ಟಿಲ್ಲವಾದ್ದರಿಂದ, ಉಳಿದವಕ್ಕೆ ಉತ್ತರಿಸುತ್ತೇನೆ.

ಪ್ರಶ್ನೆ: ಬಚ್ಚಲುಮನೆಯ ಮೇಲಿನ ಸೋಲಾರಿನಲ್ಲಿ ನೀರು ಕಾಯುವುದು ಅರ್ಥವಾಗುತ್ತದೆ. ಅದೇ ಬಿಸಿಲು ಕರೆಂಟಾಗುವುದು ಹೇಗೆ? ಫಲಕದೊಳಗೆ ತಿರುಗುವ ವಸ್ತು ಒಂದೂ ಇಲ್ಲವಲ್ಲ?
– ಅಡಿಕೆ ಬೆಳೆಗಾರರು, ಬನವಾಸಿ ರಸ್ತೆ, ಶಿರಸಿ

ತಿರುಗುವ ವಸ್ತು ಇಲ್ಲ ಎಂಬುದನ್ನು ಗಮನಿಸಿದ್ದಕ್ಕೇ ನಿಮಗೆ ಪೂರ್ಣ ಅಂಕ. ನಮ್ಮ ಜಿಲ್ಲೆಯವರಿಗೆ ಈ ಅನುಮಾನ ಬರಬೇಕಾದದ್ದೇ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಕಾಳಿಯ ನೀರು ಚಕ್ರ ತಿರುಗಿಸುತ್ತದೆ, ಗೇರುಸೊಪ್ಪೆಯಲ್ಲಿ ಶರಾವತಿಯ ನೀರು. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಯುರೇನಿಯಂ, ಪರಮಾಣು ಎಂದು ಎಷ್ಟೇ ದೊಡ್ಡ ಮಾತಾಡಿದರೂ ಅಲ್ಲಿ ಕೊನೆಗೆ ನಡೆಯುವುದು ನೀರು ಕಾಯಿಸಿ, ಹಬೆಯಿಂದ ಟರ್ಬೈನ್ ತಿರುಗಿಸುವ ಕೆಲಸವೇ. ಮದುವೆಮನೆಯ ಡೀಸೆಲ್ ಜನರೇಟರೂ ಅದೇ ಕುಲದ್ದು. ಸೌರಫಲಕ ಮಾತ್ರ ಈ ಕುಲಕ್ಕೆ ಸೇರಿದ್ದಲ್ಲ. ಅದು ಬಿಸಿಲಿನ ಶಾಖವನ್ನು ಬಳಸುವುದೇ ಇಲ್ಲ. ಅದಕ್ಕೆ ಬೇಕಾದದ್ದು ಬೆಳಕು.

ಬೆಳಕು ಬಿಡಿ ಬಿಡಿ ಕಣಗಳಾಗಿ ಬರುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ವಾದಿಸಿದರು. (1921ರ ನೊಬೆಲ್ ಅವರಿಗೆ ಬಂದದ್ದು ಸಾಪೇಕ್ಷತಾ ಸಿದ್ಧಾಂತಕ್ಕಲ್ಲ, ಮುಖ್ಯವಾಗಿ ಈ ಕೆಲಸಕ್ಕೆ. ರಸಪ್ರಶ್ನೆ ನಡೆಸುವವರು ಗಮನಿಸಬೇಕು.) ಆ ಕಣದ ಹೆಸರು ಫೋಟಾನ್. ನೀಲಿ ಬೆಳಕಿನ ಫೋಟಾನಿನಲ್ಲಿ ಶಕ್ತಿ ಹೆಚ್ಚು, ಕೆಂಪಿನದರಲ್ಲಿ ಕಡಿಮೆ, ಕಣ್ಣಿಗೆ ಕಾಣದ ಅವಕೆಂಪಿನದರಲ್ಲಿ ಇನ್ನೂ ಕಡಿಮೆ.

ಫಲಕದಲ್ಲಿರುವುದು ಸಿಲಿಕಾನ್. ಅದರ ಪ್ರತಿ ಪರಮಾಣುವಿನ ಹೊರಸುತ್ತಿನಲ್ಲಿ ನಾಲ್ಕು ಎಲೆಕ್ಟ್ರಾನುಗಳಿದ್ದು, ನಾಲ್ಕೂ ನೆರೆಹೊರೆಯ ಪರಮಾಣುಗಳೊಂದಿಗಿನ ಬಂಧದಲ್ಲಿ ಸಿಕ್ಕಿಕೊಂಡಿವೆ. ತಕ್ಕಷ್ಟು ಶಕ್ತಿಯ ಫೋಟಾನ್ ಬಂದು ಬಿದ್ದರೆ ಒಂದು ಎಲೆಕ್ಟ್ರಾನ್ ಬಂಧ ಕಳಚಿಕೊಂಡು ಹೊರಬರುತ್ತದೆ, ಅದಿದ್ದ ಜಾಗ ತೆರವಾಗುತ್ತದೆ. ಹೀಗಾಗಲು ಫೋಟಾನಿನಲ್ಲಿ ಕನಿಷ್ಠ 1.1 ಎಲೆಕ್ಟ್ರಾನ್ ವೋಲ್ಟ್ (ಇಂಥ ಪುಟ್ಟ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಇರಬೇಕು. ಅದಕ್ಕಿಂತ ಬಡವಾದ ಫೋಟಾನುಗಳು ಕೋಟಿಗಟ್ಟಲೆ ಬಂದರೂ ಒಂದಕ್ಕೊಂದು ಕೈಗೂಡಿಸಿ ಒಂದೇ ಒಂದು ಎಲೆಕ್ಟ್ರಾನನ್ನೂ ಬಿಡಿಸಲಾರವು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಇಂಥ ಬಡ ಅವಕೆಂಪಿನದು. ನಿಮ್ಮ ಬೆನ್ನು ಸುಡುವುದರಲ್ಲಿ ಅದಕ್ಕೂ ಪಾಲಿದೆ, ಫಲಕದ ಕರೆಂಟಿನಲ್ಲಿ ಮಾತ್ರ ಇಲ್ಲ.

ಎಲೆಕ್ಟ್ರಾನ್ ಬಿಡುಗಡೆಯಾದ ಮಾತ್ರಕ್ಕೆ ಕರೆಂಟ್ ಹುಟ್ಟುವುದಿಲ್ಲ. ಬರೀ ಶುದ್ಧ ಸಿಲಿಕಾನಿನ ತುಂಡಾದರೆ ಬಿಡುಗಡೆಯಾದ ಎಲೆಕ್ಟ್ರಾನ್ ಅಲ್ಲೇ ಅಲೆದು, ಕ್ಷಣಮಾತ್ರದಲ್ಲಿ ಯಾವುದೋ ತೆರವಿಗೆ ಬಿದ್ದು ಸುಮ್ಮನಾಗುತ್ತದೆ, ಸಿಕ್ಕಿದ ಶಕ್ತಿ ಶಾಖವಾಗಿ ಹೋಗುತ್ತದೆ. ಸಮತಟ್ಟಾದ ಗದ್ದೆಯ ಮೇಲೆ ಬಿದ್ದ ಮಳೆನೀರು ಬಿದ್ದಲ್ಲೇ ಇಂಗುತ್ತದೆ, ಬೆಟ್ಟದ ಇಳಿಜಾರಿನಲ್ಲಿ ಬಿದ್ದದ್ದು ಹಳ್ಳ ಸೇರುತ್ತದಲ್ಲವೇ? ಸಿಲಿಕಾನಿನೊಳಗೂ ಅಂಥದೊಂದು ಇಳಿಜಾರು ಬೇಕು. ಅದನ್ನು ಮಾಡುವ ಉಪಾಯವೇ ಈ ವಿದ್ಯೆಯ ಜೀವಾಳ.

ಸಿಲಿಕಾನಿನ ತೆಳು ಬಿಲ್ಲೆಯ (ಸೌರಕೋಶ ಎನ್ನುವುದು ಇದನ್ನೇ) ಒಂದು ಮಗ್ಗುಲಿಗೆ ಐದು ಹೊರ ಎಲೆಕ್ಟ್ರಾನುಗಳಿರುವ ರಂಜಕವನ್ನು, ಇನ್ನೊಂದಕ್ಕೆ ಮೂರೇ ಇರುವ ಬೋರಾನನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಎರಡೂ ಕೂಡುವ ಗಡಿಯಲ್ಲಿ ರಂಜಕದ ಕಡೆಯ ಹೆಚ್ಚುವರಿ ಎಲೆಕ್ಟ್ರಾನುಗಳು ಬೋರಾನಿನ ಕಡೆಗೆ ದಾಟಿ ಅಲ್ಲಿಯ ಕೊರತೆ ತುಂಬುತ್ತವೆ. ದಾಟಿದ ಮೇಲೆ ರಂಜಕದ ಬದಿ ಧನ, ಬೋರಾನಿನ ಬದಿ ಋಣ. ಹೀಗೆ ಗಡಿಯಲ್ಲಿ ಶಾಶ್ವತವಾದ ವಿದ್ಯುತ್ ಕ್ಷೇತ್ರವೊಂದು ನಿಲ್ಲುತ್ತದೆ. ಬ್ಯಾಟರಿ ಬೇಡ, ಯಾರೂ ತಿರುಗಿಸುವುದೂ ಬೇಡ. ಈಗ ಬೆಳಕು ಬಿದ್ದು ಎಲೆಕ್ಟ್ರಾನ್ ಕಳಚಿದರೆ ಆ ಕ್ಷೇತ್ರ ಅದನ್ನು ರಂಜಕದ ಕಡೆಗೆ ದೂಡುತ್ತದೆ, ತೆರವನ್ನು ಬೋರಾನಿನ ಕಡೆಗೆ. ಬಂದ ದಾರಿಯಲ್ಲಿ ಹಿಂದಿರುಗಲು ಕ್ಷೇತ್ರ ಬಿಡುವುದಿಲ್ಲ. ಹೊರಗೆ ತಂತಿ ಜೋಡಿಸಿ ದಾರಿ ಕೊಟ್ಟರೆ ಎಲೆಕ್ಟ್ರಾನ್ ನಿಮ್ಮ ಮಿಕ್ಸಿಯನ್ನೋ ಪಂಪನ್ನೋ ಹಾದು, ಸುತ್ತಿ ಬಂದು ತೆರವಿಗೆ ಸೇರುತ್ತದೆ. ಒಳಗಿನ ಸಿಲಿಕಾನ್ ಒಂದು ಗುಲಗಂಜಿಯಷ್ಟೂ ಖರ್ಚಾಗುವುದಿಲ್ಲ.

ಮಂಗ ಹಾರಿ ಗಾಜು ಒಡೆದ ಫಲಕವೊಂದು ನನ್ನ ಮೇಜಿನ ಮೇಲಿದೆ. ಭೂತಗನ್ನಡಿ ಹಿಡಿದರೆ ಕಡುನೀಲಿ ಬಿಲ್ಲೆಯ ಮೇಲೆ ತಲೆಕೂದಲಿಗಿಂತ ತೆಳ್ಳಗಿನ ಬೆಳ್ಳಿ ಗೆರೆಗಳು ಕಾಣುತ್ತವೆ. ಎಲೆಕ್ಟ್ರಾನುಗಳನ್ನು ಕೂಡಿಸಿಕೊಳ್ಳುವ ತಂತಿಗಳು ಅವೇ. ದಪ್ಪ ಮಾಡಿದರೆ ಬೆಳಕಿಗೆ ಅಡ್ಡ, ತೀರಾ ತೆಳ್ಳಗೆ ಮಾಡಿದರೆ ಕರೆಂಟಿಗೆ ತಡೆ. ಬಿಲ್ಲೆಯ ದಪ್ಪ ಒಂದು ಮಿಲಿಮೀಟರಿನ ಐದನೇ ಒಂದು ಭಾಗವೂ ಇಲ್ಲ. ಒಂದು ಬಿಲ್ಲೆ ಕೊಡುವುದು ಅರ್ಧ ವೋಲ್ಟಿನ ಆಸುಪಾಸು ಮಾತ್ರ, ಆದ್ದರಿಂದಲೇ ಹತ್ತಾರು ಬಿಲ್ಲೆಗಳನ್ನು ಸಾಲಾಗಿ ಬೆಸೆದಿರುತ್ತಾರೆ. ಸಾಲಾಗಿ ಎಂಬುದನ್ನು ನೆನಪಿಟ್ಟುಕೊಳ್ಳಿ, ಸಿದ್ದಾಪುರದವರಿಗೆ ಉತ್ತರಿಸುವಾಗ ಬೇಕಾಗುತ್ತದೆ.

ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು 1839ರಲ್ಲಿ ಮೊದಲು ಕಂಡವನು ಎಡ್ಮಂಡ್ ಬೆಕೆರೆಲ್, ಆಗ ಅವನಿಗೆ 19 ವರ್ಷ. ಅದು ಕೆಲಸಕ್ಕೆ ಬರುವಂತಾದದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿಯ ಡ್ಯಾರಿಲ್ ಚಾಪಿನ್ ಅವರಿಗೆ ವಹಿಸಿದ್ದ ಕೆಲಸವನ್ನು ಕೇಳಿದರೆ ನಮ್ಮವರಿಗೆ ನಗು ಬರಬೇಕು: ತೇವ ಹೆಚ್ಚಿರುವ ಉಷ್ಣವಲಯದ ಊರುಗಳಲ್ಲಿ ದೂರವಾಣಿಗೆ ಬಳಸುವ ಒಣಬ್ಯಾಟರಿಗಳು ಬೇಗ ಹಾಳಾಗುತ್ತಿದ್ದವು, ಅದಕ್ಕೊಂದು ಬದಲಿ ಹುಡುಕಬೇಕಿತ್ತು. ಅಂದರೆ ಶಿರಸಿಯ ಜುಲೈನಂಥ ಹವೆಗೆ ಹುಡುಕಿದ ಮದ್ದು ಇದು! ಚಾಪಿನ್, ಫುಲ್ಲರ್, ಪಿಯರ್ಸನ್ ಮೂವರೂ ಸೇರಿ ಮಾಡಿದ ಸಿಲಿಕಾನ್ ಕೋಶ ಬಿದ್ದ ಬೆಳಕಿನ ಶೇ. 6ರಷ್ಟನ್ನು ವಿದ್ಯುತ್ತಾಗಿಸಿತು. ಇಂದು ಅಂಗಡಿಯಲ್ಲಿ ಸಿಗುವ ಒಳ್ಳೆಯ ಫಲಕದಲ್ಲಿ ಇದು ಶೇ. 20ರಿಂದ 22. ಸಿಲಿಕಾನಿನಂಥ ಒಂದೇ ಬಗೆಯ ಅರೆವಾಹಕದ ಸಾದಾ ಕೋಶ ಮೂರನೇ ಒಂದು ಪಾಲನ್ನು ದಾಟುವಂತಿಲ್ಲ ಎಂದು 1961ರಲ್ಲೇ ಲೆಕ್ಕ ಕಟ್ಟಿ ತೋರಿಸಿದ್ದಾರೆ. ಬಡ ಫೋಟಾನುಗಳು ಕೆಲಸಕ್ಕೆ ಬರುವುದಿಲ್ಲ, ಶ್ರೀಮಂತ ನೀಲಿ ಫೋಟಾನಿನ ಹೆಚ್ಚುವರಿ ಶಕ್ತಿ ಶಾಖವಾಗಿ ಪೋಲಾಗುತ್ತದೆ. ಶೇ. 40 ಕೊಡುವ ಫಲಕ ಎಂದು ಯಾರಾದರೂ ಮನೆಬಾಗಿಲಿಗೆ ಬಂದರೆ ಕವಳದ ತಟ್ಟೆ ಮುಂದಿಟ್ಟು, ಮಾತಾಡಿಸಿ ಕಳಿಸಿಬಿಡಿ.

ಒಂದು ಮಾತು ಸೇರಿಸುತ್ತೇನೆ. ಸ್ನಾನದ ನೀರಿಗಾಗಿ ಫಲಕ ಹಾಕಿ, ಅದರ ಕರೆಂಟಿನಿಂದ ಗೀಸರ್ ಓಡಿಸುವುದು ಸುತ್ತುದಾರಿ. ನೀರು ಕಾಯಿಸುವ ಸೋಲಾರ್ ಅವಕೆಂಪನ್ನೂ ಬಿಡದೆ ನುಂಗುತ್ತದೆ, ಆ ಕೆಲಸಕ್ಕೆ ಅದೇ ಸರಿ. ಮಳೆಗಾಲಕ್ಕೆ ಹೇಗೂ ಅಡಿಕೆ ಸಿಪ್ಪೆ, ಹಂಡೆ ಇವೆಯಲ್ಲ.

ಪ್ರಶ್ನೆ: ಫೆಬ್ರವರಿಯ ಮಧ್ಯಾಹ್ನಕ್ಕಿಂತ ಮೇ ತಿಂಗಳ ಮಧ್ಯಾಹ್ನ ನಮ್ಮ 3 ಕಿಲೋವಾಟಿನ ಫಲಕಗಳು ಕಡಿಮೆ ತೋರಿಸುತ್ತವೆ. ಬಿಸಿಲು ಉರಿಯುತ್ತಿದೆ, ಕರೆಂಟ್ ಇಳಿಯುತ್ತಿದೆ. ಇನ್ವರ್ಟರ್ ಕೆಟ್ಟಿದೆಯೇ?
– ನಿವೃತ್ತ ಬ್ಯಾಂಕ್ ನೌಕರರು, ಕಾರವಾರ

ಇನ್ವರ್ಟರ್ ಚೆನ್ನಾಗಿದೆ. ಫಲಕಕ್ಕೆ ಸೆಖೆಯಾಗಿದೆ.

ಫಲಕದ ಹಿಂದೆ ಬರೆದಿರುವ ವಾಟ್, ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಕಾರವಾರದ ಮೇ ತಿಂಗಳಲ್ಲಿ ಗಾಳಿಯೇ 33–34 ಡಿಗ್ರಿ ಇರುವಾಗ, ಕಪ್ಪು ಕೋಶ ಸಲೀಸಾಗಿ 65 ಮುಟ್ಟುತ್ತದೆ. ಬಿಸಿ ಏರಿದಂತೆ ಸಿಲಿಕಾನಿನಲ್ಲಿ ಬೆಳಕಿನ ಹಂಗಿಲ್ಲದೆ ಶಾಖದಿಂದಲೇ ಎಲೆಕ್ಟ್ರಾನುಗಳು ಕಳಚಿ, ಗಡಿಯನ್ನು ತಪ್ಪು ದಿಕ್ಕಿನಲ್ಲಿ ದಾಟಿ ಸೋರತೊಡಗುತ್ತವೆ. ವೋಲ್ಟೇಜ್ ಕುಸಿಯುತ್ತದೆ. ಸಾಮಾನ್ಯ ಫಲಕದಲ್ಲಿ ಒಂದು ಡಿಗ್ರಿಗೆ ಶೇ. 0.35ರ ಸುಮಾರಿಗೆ ಲೆಕ್ಕ ಹಾಕಿ. 40 ಡಿಗ್ರಿ ಏರಿಕೆಗೆ ಶೇ. 14, ಅಂದರೆ 3000 ವಾಟಿನಲ್ಲಿ 420 ವಾಟ್ ಅಲ್ಲೇ ಹೋಯಿತು. ಮೇ ತಿಂಗಳ ಆಕಾಶದಲ್ಲಿ ತೇವದ ಮಬ್ಬು ಬೇರೆ.

ನಿಮ್ಮ ಪತ್ರದ ಜೊತೆಗಿದ್ದ ಚಿತ್ರ ನೋಡಿದೆ. ತಗಡಿನ ಮೇಲೆ ಫಲಕವನ್ನು ಅಂಟಿಸಿದಂತೆ ಕೂರಿಸಿದ್ದಾರೆ. ಅದು ಸರಿಯಲ್ಲ. ಕೆಳಗೆ ಒಂದು ಗೇಣಿನಷ್ಟಾದರೂ ಜಾಗ ಇದ್ದರೆ ಕಡಲಗಾಳಿ ನುಗ್ಗಿ ಶಾಖ ಒಯ್ಯುತ್ತದೆ. ಕಾರವಾರದಲ್ಲಿ ಪುಕ್ಕಟೆಯಾಗಿ ಸಿಗುವ ಗಾಳಿಯನ್ನು ಫಲಕಕ್ಕೆ ಕೊಡದಿದ್ದರೆ ಹೇಗೆ?

ಪ್ರಶ್ನೆ: ತಾರಸಿ ತುಂಬ ಫಲಕ ಹಾಕಿಸಿದ್ದೇವೆ. ತೆಂಗಿನಮರ ಲೈನಿನ ಮೇಲೆ ಬಿದ್ದು ಊರಿಗೆ ಕರೆಂಟ್ ಹೋಯಿತು, ನಡುಮಧ್ಯಾಹ್ನ ನಮ್ಮ ಮನೆಯಲ್ಲೂ ಕತ್ತಲೆ! ಇದೆಂಥ ಸೋಲಾರ್?
– ಗೃಹಿಣಿ, ಕುಮಟಾ

ಇದೇ ದೂರು ಹೊತ್ತ ಪತ್ರಗಳು ಎಲ್ಲಕ್ಕಿಂತ ಹೆಚ್ಚು. ಮಾರುವಾಗ ಇದೊಂದನ್ನು ಹೇಳದೆ ನುಂಗಿಕೊಳ್ಳುವವರ ಮೇಲೆ ನನಗೂ ಕೋಪವಿದೆ.

ಫಲಕ ಕೊಡುವುದು ಡಿ.ಸಿ., ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್. ಅದನ್ನು ಮನೆಗೆ ಬೇಕಾದ 230 ವೋಲ್ಟಿನ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಮಾಡುವುದು ಇನ್ವರ್ಟರ್. ನಿಮ್ಮಲ್ಲಿರುವುದು ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಬಗೆ. ಅದು ಸೆಕೆಂಡಿಗೆ 50 ಸಲ ಏರಿಳಿಯುವ ಲೈನಿನ ತಾಳ ಕೇಳಿಕೊಂಡು, ಅದಕ್ಕೆ ಹೊಂದಿಸಿ ವಿದ್ಯುತ್ ಹರಿಸುತ್ತದೆ. ಲೈನ್ ಸತ್ತದ್ದು ತಿಳಿಯುತ್ತಲೇ ಒಂದೆರಡು ಸೆಕೆಂಡಿನಲ್ಲಿ ತಾನೂ ನಿಲ್ಲಬೇಕೆಂಬುದು ನಿಯಮ. ಯಾಕೆ ಗೊತ್ತೇ? ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಎಂಬುದಿಲ್ಲ. 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಅದೇ ಪೆಟ್ಟಿಗೆ, ನಿಮ್ಮ ಮನೆಯಿಂದ ಹೊರಟದ್ದನ್ನು ಏರಿಸಿ 11,000 ಮಾಡಿ ಕಂಬದ ಮೇಲಿನ ತಂತಿಗೆ ಕೊಡಬಲ್ಲದು. ಸುರಿಯುವ ಮಳೆಯಲ್ಲಿ ನಿಮ್ಮ ತೆಂಗಿನಮರ ಬಿಡಿಸಲು ಬಂದ ಲೈನ್‌ಮನ್ ಆಗ ಅದೇ ತಂತಿಯನ್ನು ಹಿಡಿದಿರುತ್ತಾನೆ.

ಕತ್ತಲೆ ಬೇಡವಾದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದು ಮನೆಯನ್ನು ಲೈನಿನಿಂದ ಬೇರ್ಪಡಿಸಿಕೊಂಡು ತನ್ನದೇ ತಾಳ ಹಾಕಿ ನಡೆಯುತ್ತದೆ. ದೀಪ, ಫ್ಯಾನ್, ಫ್ರಿಜ್, ಮೊಬೈಲಿಗೆ ಮಾತ್ರ ಪ್ರತ್ಯೇಕ ವೈರಿಂಗ್ ಮಾಡಿಸಿ. ಪಂಪನ್ನೂ ಅದಕ್ಕೇ ಸೇರಿಸಹೋದರೆ ಬ್ಯಾಟರಿಯ ಖರ್ಚು ಫಲಕದ ಖರ್ಚನ್ನು ಮೀರುತ್ತದೆ.

ಪ್ರಶ್ನೆ: ಒಂದೇ ಒಂದು ಅಡಿಕೆಮರದ ನೆರಳು ಫಲಕದ ಬುಡಕ್ಕೆ ಬೀಳುತ್ತದೆ. ಅಷ್ಟಕ್ಕೇ ಅರ್ಧ ಕರೆಂಟ್ ಹೋಗುವುದುಂಟೇ?
– ಓದುಗರು, ಸಿದ್ದಾಪುರ

ಉಂಟು, ಅರ್ಧಕ್ಕಿಂತ ಹೆಚ್ಚೂ ಹೋಗುವುದುಂಟು. ಸಾಲಾಗಿ ಬೆಸೆದ ಬಿಲ್ಲೆಗಳಲ್ಲಿ ಹರಿಯುವ ಕರೆಂಟ್ ಒಂದೇ. ಅತಿ ಮಂಕಾದ ಬಿಲ್ಲೆ ಎಷ್ಟು ಬಿಡುತ್ತದೋ ಅಷ್ಟೇ ಉಳಿದವುಗಳಿಗೂ ಗತಿ. ಮೇಲಾಗಿ ಉಳಿದ ಬಿಲ್ಲೆಗಳು ನೂಕಿದ ಶಕ್ತಿಯೆಲ್ಲ ಆ ನೆರಳಿನ ಬಿಲ್ಲೆಯಲ್ಲಿ ಶಾಖವಾಗಿ, ಅದು ಸುಟ್ಟು ಕಂದುವ ಅಪಾಯವೂ ಇದೆ. ಇದನ್ನು ತಪ್ಪಿಸಲು ಫಲಕದ ಹಿಂದಿನ ಕರಿಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡುಗಳಿರುತ್ತವೆ. ನೆರಳು ಬಿದ್ದ ಮೂರನೇ ಒಂದು ಭಾಗವನ್ನು ಬಿಟ್ಟು, ಕರೆಂಟನ್ನು ಬಳಸುದಾರಿಯಲ್ಲಿ ಕಳಿಸುವುದು ಅವುಗಳ ಕೆಲಸ.

ಈ ಮೂರು ಭಾಗಗಳು ಫಲಕದ ಉದ್ದಕ್ಕೆ ಪಟ್ಟಿಗಳಂತಿವೆ, ಗುಟ್ಟಿರುವುದು ಅಲ್ಲೇ. ಹಳೆಯ ಮಾದರಿಯ ಫಲಕವನ್ನು ನಿಲುವಾಗಿ ಇಟ್ಟಿದ್ದರೆ ಬುಡದ ಒಂದೇ ಸಾಲಿನ ನೆರಳು ಮೂರೂ ಪಟ್ಟಿಗಳನ್ನು ಹಿಡಿಯುತ್ತದೆ. ನಮ್ಮೂರಿನ ಒಂದು ಮನೆಯಲ್ಲಿ ಮನೆಯೊಡತಿಯಿಂದ ಗೇರುವ ಮೊರ ಇಸಿದುಕೊಂಡು ಬುಡದ ಸಾಲಿಗೆ ಅಡ್ಡ ಹಿಡಿಸಿ ನೋಡಿದೆ. ಮೊರ ಒಂದು ಮೂಲೆಯಲ್ಲಿದ್ದಾಗ ವೋಲ್ಟ್ ಮೂರನೇ ಎರಡಕ್ಕೆ ಇಳಿಯಿತು. ಇನ್ನೊಂದು ಮೊರ ತಂದು ಪೂರ್ತಿ ಸಾಲು ಮುಚ್ಚಿದಾಗ ಫಲಕಕ್ಕೆ ಜೋಡಿಸಿದ ದೀಪ ಆರಿಹೋಯಿತು. ಅಡ್ಡಡ್ಡವಾಗಿ ಇಟ್ಟ ಫಲಕಕ್ಕೆ ಅದೇ ಬುಡದ ನೆರಳು ಒಂದು ಪಟ್ಟಿಯನ್ನು ಮಾತ್ರ ಕಸಿಯುತ್ತದೆ. ಈಗ ಬರುವ ಅರ್ಧ ಬಿಲ್ಲೆಯ ಫಲಕಗಳಲ್ಲಿ ಮೇಲಿನರ್ಧ, ಕೆಳಗಿನರ್ಧ ಬೇರೆಯಾದ್ದರಿಂದ ನಿಲುವಾಗಿ ಇಟ್ಟರೂ ಅರ್ಧವಾದರೂ ಉಳಿಯುತ್ತದೆ.

ಮರ ಕಡಿಯಬೇಡಿ. ಫಲಕದ ಮೊಳೆ ಬಿಚ್ಚಿ ಅಡ್ಡ ತಿರುಗಿಸಲು ಅರ್ಧ ದಿನದ ಕೆಲಸ, ಅಡಿಕೆಮರ ಫಲಕ್ಕೆ ಬರಲು ವರ್ಷಗಳು ಬೇಕು.

ಪ್ರಶ್ನೆ: ಕೊಟ್ಟಿಗೆಯ ಮೇಲೆ ಫಲಕ ಹಾಕಿದರೆ ವಿಕಿರಣದಿಂದ ಹಸುಗಳಿಗೆ ತೊಂದರೆಯೇ?
– ಹೊನ್ನಾವರ

ಇಲ್ಲ. ಫಲಕ ಬೆಳಕನ್ನು ನುಂಗುತ್ತದೆ, ಅಪಾಯಕಾರಿಯಾದದ್ದೇನನ್ನೂ ಉಗುಳುವುದಿಲ್ಲ. ಹಸುವಿಗೆ ಕೊಟ್ಟಿಗೆ ತಂಪಾಗುತ್ತದೆ. ವೈರುಗಳನ್ನು ಮಾತ್ರ ಪೈಪಿನೊಳಗೆ ಹಾಕಿಸಿ, ಇಲಿಗಳಿಗೆ ವಿಕಿರಣದ ಭಯವಿಲ್ಲ.

ಪ್ರಶ್ನೆ: ಕಡಲಿನಿಂದ ಅರ್ಧ ಮೈಲಿಯಲ್ಲಿದ್ದೇವೆ. ಉಪ್ಪುಗಾಳಿಗೆ ಫಲಕ ತಾಳುತ್ತದೆಯೇ?
– ಅಂಕೋಲಾ

ಗಾಜು, ಸಿಲಿಕಾನ್ ತಾಳುತ್ತವೆ. ತಾಳದಿರುವುದು ನಟ್ಟು-ಬೋಲ್ಟು. ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳ ಪಕ್ಕದ ಕಬ್ಬಿಣದ ಗೇಟುಗಳ ಪಾಡು ನೀವು ಕಂಡಿರಬಹುದು. ಸ್ಟೇನ್‌ಲೆಸ್ ಬೋಲ್ಟ್, ಚೆನ್ನಾಗಿ ಸತು ಲೇಪಿಸಿದ ಚೌಕಟ್ಟು ಕೇಳಿ ಪಡೆಯಿರಿ. ಉಪ್ಪುಮಂಜಿನ ಪರೀಕ್ಷೆ, ಅಂದರೆ ಐಇಸಿ 61701, ಪಾಸಾದ ಫಲಕವೇ ಇರಲಿ. ಮಳೆಯಿಲ್ಲದ ತಿಂಗಳುಗಳಲ್ಲಿ ಬೆಳಗಿನ ತಂಪಿನಲ್ಲಿ ಸಿಹಿನೀರಿನಿಂದ ಒರೆಸಿ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಎರಚಬಾರದು.

ಪ್ರಶ್ನೆ: ನಮ್ಮ ಹಂಚಿನ ಮಾಡು ಉತ್ತರಕ್ಕೆ ಇಳಿದಿದೆ. ದಕ್ಷಿಣವೇ ಬೇಕೆನ್ನುತ್ತಾರೆ. ಮಳೆಗಾಲದಲ್ಲಂತೂ ಏನೂ ಸಿಗುವುದಿಲ್ಲವೇ?
– ಯಲ್ಲಾಪುರ

ದಕ್ಷಿಣ ಉತ್ತಮ ಎಂಬುದು ಇಡೀ ವರ್ಷದ ಲೆಕ್ಕ. ಆದರೆ ನಾವಿರುವುದು 14–15 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋದರೆ, ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ನಡುವಿನಲ್ಲಿ. ಆ ಮೂರೂವರೆ ತಿಂಗಳು ಮಧ್ಯಾಹ್ನದ ಸೂರ್ಯ ನಿಮ್ಮ ಮಾಡಿನ ಕಡೆಗೇ ಇರುತ್ತಾನೆ. ದುರದೃಷ್ಟ ಏನೆಂದರೆ ಅದರ ಬಹುಪಾಲು ಮಳೆಗಾಲ. ಡಿಸೆಂಬರಿನಲ್ಲಿ ಕಡಿದಾದ ಉತ್ತರದ ಮಾಡಿಗೆ ನೇರ ಬೆಳಕಿನ ಅರ್ಧವೂ ಸಿಗುವುದಿಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ಇಳಿದ ಕೊಟ್ಟಿಗೆ ಇದ್ದರೆ ಅಲ್ಲಿ ಹಾಕಿ, ನಷ್ಟ ದೊಡ್ಡದಲ್ಲ.

ಮೋಡದ ದಿನವೂ ಫಲಕ ಸುಮ್ಮನಿರುವುದಿಲ್ಲ. ಚದುರಿದ ಬೆಳಕಿನಲ್ಲೂ ಫೋಟಾನುಗಳಿವೆ. ಬೇಸಿಗೆಯಲ್ಲಿ ಕಿಲೋವಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಕೊಡುವ ಫಲಕ ಆಷಾಢದಲ್ಲಿ ಒಂದೂವರೆ, ಎರಡು ಕೊಟ್ಟರೆ ಬೈಯಬೇಡಿ. ಅಂಚಿನಲ್ಲಿ ಪಾಚಿ ಕಟ್ಟದಂತೆ ನೋಡಿಕೊಳ್ಳಿ.

ಪ್ರಶ್ನೆ: ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುತ್ತಿದೆ. ಸಹಾಯಧನ ಇದೆಯೆಂದು ಫಲಕ ಹಾಕಿಸಲೇ?
– ಶಿಕ್ಷಕರು, ಹಳಿಯಾಳ

ಬಿಲ್ ಉಳಿಸಲಿಕ್ಕೆಂದಾದರೆ ಬೇಡ. ಸೊನ್ನೆಯಿಂದ ಏನನ್ನು ಉಳಿಸುತ್ತೀರಿ? 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿನವರೆಗೆ ಪ್ರತಿ ಕಿಲೋವಾಟಿಗೆ 30,000 ರೂಪಾಯಿ, ಮೂರು ಮತ್ತು ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿರುವುದು ನಿಜ, ಉಳಿದದ್ದು ನಿಮ್ಮ ಜೇಬಿನಿಂದಲೇ. ತಿಂಗಳಿಗೆ 200 ಯೂನಿಟ್ ಮೀರುವವರು, ಹೋಂ ಸ್ಟೇ ನಡೆಸುವವರು ಲೆಕ್ಕ ಹಾಕಲಿ. ನಿಮಗೆ ಕಾಡುವುದು ಬಿಲ್ಲಲ್ಲ, ಕರೆಂಟ್ ಹೋಗುವುದು ಎಂದಾದರೆ ಕುಮಟಾದವರಿಗೆ ಬರೆದದ್ದನ್ನು ಓದಿ.

ಪ್ರಶ್ನೆ: ಹುಣ್ಣಿಮೆ ಬೆಳದಿಂಗಳಲ್ಲಿ ಫಲಕ ಕರೆಂಟ್ ಕೊಡುತ್ತದೆಯೇ?
– ಒಂಬತ್ತನೆಯ ತರಗತಿ ವಿದ್ಯಾರ್ಥಿನಿ, ಮುಂಡಗೋಡ

ಎಲ್ಲ ಪತ್ರಗಳಲ್ಲಿ ನನಗೆ ಇಷ್ಟವಾದ ಪ್ರಶ್ನೆ. ಬೆಳದಿಂಗಳೂ ಬಿಸಿಲೇ, ಚಂದ್ರನ ಮೇಲೆ ಬಿದ್ದು ಮರಳಿ ಬಂದದ್ದು. ಹಾಗಾಗಿ ಕೊಡುತ್ತದೆ. ಆದರೆ ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. 3000 ವಾಟನ್ನು ನಾಲ್ಕು ಲಕ್ಷದಿಂದ ಭಾಗಿಸಿ ನೋಡು. ಒಂದು ವಾಟಿನ ನೂರನೇ ಒಂದು ಭಾಗಕ್ಕೂ ಕಡಿಮೆ, ಇನ್ವರ್ಟರ್ ಕಣ್ಣು ಬಿಡುವುದಕ್ಕೂ ಸಾಲದು.

ಫಲಕವಿಲ್ಲದೆ ನೀನೇ ಮಾಡಬಹುದಾದ ಪ್ರಯೋಗ ಹೇಳುತ್ತೇನೆ. ಎಲ್‌ಇಡಿ ದೀಪದೊಳಗೂ ಇಂಥದೇ ಗಡಿಯಿದೆ. ಅಲ್ಲಿ ಕರೆಂಟ್ ಬೆಳಕಾಗುತ್ತದೆ, ಬೆಳಕು ಬಿದ್ದರೆ ಅದೇ ಗಡಿ ವೋಲ್ಟ್ ಕೊಡುತ್ತದೆ. ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ ಪಾರದರ್ಶಕ ತಲೆಯ ಕೆಂಪು ಎಲ್‌ಇಡಿ ಒಂದು, ಹಸಿರು ಒಂದು ತೆಗೆದುಕೋ. ಕಾಲುಗಳಿಗೆ ಶಾಲೆಯ ಮಲ್ಟಿಮೀಟರ್ ಜೋಡಿಸಿ, ಡಿ.ಸಿ. ವೋಲ್ಟಿನಲ್ಲಿಟ್ಟು, ಎಲ್‌ಇಡಿಯ ತಲೆಯನ್ನು ಸೂರ್ಯನ ಕಡೆಗೆ ಹಿಡಿ. ಕೆಂಪಿನಲ್ಲಿ ಒಂದೂವರೆ ವೋಲ್ಟಿನ ಹತ್ತಿರ ಕಾಣಬೇಕು. ಆಮೇಲೆ ಎರಡರ ಮುಂದೆಯೂ ಕೆಂಪು ಗಾಜುಕಾಗದ ಹಿಡಿದು ನೋಡು. ಯಾವುದು ಹೆಚ್ಚು ಇಳಿಯಿತು, ಯಾಕೆ ಎಂಬುದನ್ನು ಬನವಾಸಿ ರಸ್ತೆಯವರಿಗೆ ಕೊಟ್ಟ ಉತ್ತರ ಓದಿಕೊಂಡು ನೀನೇ ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ನಿನ್ನ ಉತ್ತರವನ್ನೇ ಹಾಕೋಣ.